ಮಹಾದೇವಿಯ ಫೋನು ಮತ್ತು ಪಾಟೀಲ ವಕೀಲರ ತೆರೆದ ಪೋರ್ಟುಗಳು

ಈ ಬರಹಕ್ಕೆ ಕೂತಾಗಿನಿಂದ ಗೋಡೆಯೊಳಗಿನ ಗೂಡಿನಂಥ ಮಾಡದಲ್ಲಿಟ್ಟ ಫೋನು ಆಗಾಗ ರಿಂಗಾಗಿ ನಿಲ್ಲುತ್ತಿದೆ. ನಾನು ಎತ್ತಿಲ್ಲ. ಅದು ನನ್ನ ಹೆಂಡತಿ ಮಹಾದೇವಿಯ ಫೋನು, ಗುಂಡಿ ಒತ್ತುವ ಹಳೆಯದು. ಶ್ರಾವಣದಲ್ಲಿ ಅವಳು ತೀರಿಕೊಂಡಳು. ಫೋನು ಮಾಡುವವರಿಗೆ ಅದಿನ್ನೂ ಗೊತ್ತಿಲ್ಲ.

ಬಸವನ ಬಾಗೇವಾಡಿಯಲ್ಲಿರುವ ಮಗಳು ಶಶಿಕಲಾ ಬರುವ ರವಿವಾರ ಬರುತ್ತಾಳೆ. "ಅಪ್ಪಾ, ಆ ನಂಬರ್ ಬಂದ್ ಮಾಡಿಸಿಬಿಡೂಣು. ಅದು ಬಾರಿಸಿದಾಗೊಮ್ಮೆ ನೀ ಉಣ್ಣೂದು ಬಿಟ್ಟ ಸುಮ್ಮ ಕುಂದರ್ತಿ," ಎಂದಿದ್ದಾಳೆ. ಅವಳು ಹೇಳುವುದು ಸರಿ. ಫೋನು ಎತ್ತುವುದೂ ಇಲ್ಲ, ಅದನ್ನು ಚಾರ್ಜಿಗೆ ಹಾಕುವುದನ್ನು ಬಿಡುವುದೂ ಇಲ್ಲ. ಇಂಥ ಗಿರಾಕಿ ನನಗೇ ಸಿಕ್ಕಿದ್ದರೆ ಬೈದು ಬರುತ್ತಿದ್ದೆ. ರವಿವಾರದೊಳಗೆ ಒಂದು ನಿರ್ಧಾರ ಮಾಡಬೇಕು. ಅಷ್ಟರಲ್ಲಿ, ಕಂಪ್ಯೂಟರ್ ರಿಪೇರಿಗೆ ಹೊಸದಾಗಿ ಬರುವವರಿಗೆ ನಿಮ್ಮ ಅನುಭವ ಬರೆದುಕೊಡಿ ಎಂದು ಪರಿಚಯದವರು ಕೇಳಿದ್ದಾರೆ. ಕೈಗೆ ಏನಾದರೂ ಕೆಲಸ ಬೇಕಾಗಿತ್ತು, ಒಪ್ಪಿಕೊಂಡೆ.

ನಾನು ದುಡಿದದ್ದು ವಿಜಯಪುರದ ಒಂದು ಅಂಗಡಿಗೆ. ಅವರು ಆಂಟಿವೈರಸ್ ಮಾರುತ್ತಿದ್ದರು, ನಾನು ಇಂಡಿಯಲ್ಲಿ ಮನೆ ಮಾಡಿಕೊಂಡು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಕಡೆಯ ಮನೆಗಳಿಗೆ ಬಸ್ಸಿನಲ್ಲಿ ಹೋಗಿ ಅದನ್ನು ಹಾಕಿಕೊಟ್ಟು, ಕೆಟ್ಟರೆ ನೋಡಿಕೊಂಡು ಬರುತ್ತಿದ್ದೆ. ಅಂಗಡಿಯವರು ಕೊಟ್ಟ ಗುರುತಿನ ಚೀಟಿಯಲ್ಲಿ ನನ್ನನ್ನು ಸೆಕ್ಯುರಿಟಿ ಎಂಜಿನಿಯರ್ ಎಂದು ಬರೆದಿದ್ದರು. ಎಂಜಿನಿಯರಿಂಗ್ ಕಾಲೇಜಿನ ಗೇಟನ್ನು ನಾನು ನೋಡಿದ್ದು ಅಲ್ಲಿಯ ಪ್ರಾಚಾರ್ಯರ ಮನೆಯ ಪ್ರಿಂಟರ್ ಕೆಟ್ಟಾಗ ಮಾತ್ರ.

ಬಸ್ಸಿನಲ್ಲಿ ನನಗೆ ಫೋನು ಬಂದರೆ ಕೇಳುತ್ತಿರಲಿಲ್ಲ. ಅಂಗಡಿಯ ಫೋನು ಅದನ್ನು ನಡೆಸುವ ಸಾಹೇಬರ ಮೇಜಿನ ಮೇಲಿತ್ತು, ಫೋನು ಎತ್ತುವುದು ತಮ್ಮ ಘನತೆಗೆ ಕಡಿಮೆ ಎಂದು ಅವರು ತಿಳಿದಿದ್ದರು. ಹೀಗಾಗಿ ಮನೆಯಲ್ಲಿದ್ದ ಮಹಾದೇವಿಯ ನಂಬರನ್ನು ಸ್ಟಿಕರಿನ ಮೇಲೆ 'ಸಹಾಯವಾಣಿ' ಎಂದು ಅಚ್ಚು ಹಾಕಿಸಿ, ನಾನು ಮುಟ್ಟಿದ ಪ್ರತಿ ಕಂಪ್ಯೂಟರಿನ ಡಬ್ಬಿಗೂ ಅಂಟಿಸಿದರು. ಅಚ್ಚಾಗಿ ಬಂದ ಮೇಲೆಯೇ ಅವಳಿಗೆ ತಾನು ಸಹಾಯವಾಣಿ ಎಂದು ತಿಳಿಯಿತು. ಸ್ಟಿಕರನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ನನ್ನ ಫೋಟೋನೂ ಹಾಕಬೇಕಿತ್ತಿಲ್ಲೋ," ಎಂದಳು. ಅಷ್ಟೇ. ಮರುದಿನದಿಂದ ಕೆಲಸ ಶುರು ಮಾಡಿದಳು.

ಯಾರೇ ಫೋನು ಮಾಡಲಿ, ಅವಳ ಮೊದಲ ಮಾತು ಒಂದೇ: "ಮಳಿ ಆತೇನ್ರಿ ನಿಮ್ಮ ಕಡೆ?" ಬೇಸಿಗೆಯಲ್ಲೂ ಅದೇ. ನನಗೆ ಇದು ಹೆಣ್ಣುಮಕ್ಕಳ ಕುಶಲೋಪರಿ ಎನಿಸಿ ಒಮ್ಮೆ ತಮಾಷೆ ಮಾಡಿದೆ. ಆಮೇಲೆ ಗಮನಿಸಿದೆ. ಮಳೆ ಆಯಿತು ಅಂದರೆ ಸಿಡಿಲಿಗೆ ಮೋಡೆಮ್ ಸುಟ್ಟಿರುತ್ತದೆ, ಇಲ್ಲವೆ ಕರೆಂಟು ಹೋಗಿ ಬಂದಿರುತ್ತದೆ. ಆಗ ಹೊಸ ಮೋಡೆಮ್ ಚೀಲದಲ್ಲಿ ಹಾಕಿಕೊಂಡು ಹೋಗಬೇಕು. ಮಳೆ ಆಗಿಲ್ಲ ಅಂದರೆ ಗಿರಾಕಿಯೇ ಏನೋ ಒತ್ತಿರುತ್ತಾನೆ. ಆಗ ಸಮಾಧಾನವನ್ನಷ್ಟೇ ತೆಗೆದುಕೊಂಡು ಹೋದರೆ ಸಾಕು. ಇದನ್ನು ಅವಳು ತಿಳಿದು ಕೇಳುತ್ತಿದ್ದಳೋ, ಮಾತಿಗೆ ಕೇಳುತ್ತಿದ್ದಳೋ ನನಗೆ ಗೊತ್ತಿಲ್ಲ. ಕೇಳಬೇಕೆಂದುಕೊಂಡೆ, ಉಳಿದುಹೋಯಿತು.

ದೇವರ ಹಿಪ್ಪರಗಿಯ ಗೊಬ್ಬರದ ಅಂಗಡಿಯ ಮೌಲಾಲಿಯವರ ಸಂಗತಿ ಹೇಳುತ್ತೇನೆ. ಅವರ ಮನೆಯ ಕಂಪ್ಯೂಟರು ಬೆಳಿಗ್ಗೆ ಚಾಲೂ ಮಾಡಿದರೆ ಅವರು ಸ್ನಾನ ಮಾಡಿ, ನಾಷ್ಟಾ ತಿಂದು, ಅಂಗಡಿ ತೆರೆದು ಬರುವ ಹೊತ್ತಿಗೆ ತಯಾರಾಗುತ್ತಿತ್ತು. ನೋಡಿದರೆ ಒಳಗೆ ಮೂರು ಆಂಟಿವೈರಸ್ಸುಗಳು! ಒಂದು ನಮ್ಮದು, ಒಂದು ಸೊಲ್ಲಾಪುರದಿಂದ ಕಂಪ್ಯೂಟರಿನ ಜೊತೆಗೆ ಬಂದದ್ದು, ಇನ್ನೊಂದು ಅವರ ಅಳಿಯ ಹಾಕಿಕೊಟ್ಟದ್ದು. ಪ್ರತಿಯೊಂದಕ್ಕೂ ಉಳಿದೆರಡು ಕಳ್ಳರಂತೆ ಕಾಣುತ್ತಿದ್ದವು. ಒಂದು ಕೂಡುವ ಜಾಗದಲ್ಲಿ ಇನ್ನೊಂದು ಕೂಡಲು ಬಂದು, ದಿನವಿಡೀ ಒಳಗೊಳಗೇ ಕುಸ್ತಿ ನಡೆದಿತ್ತು. ನಿಜವಾದ ವೈರಸ್ ಒಂದು ಮೂಲೆಯಲ್ಲಿ ಆರಾಮಾಗಿತ್ತು.

"ಮೌಲಾಲಿ ಅಣ್ಣಾರ, ಎರಡು ತಗದ ಬಿಡೂಣ್ರಿ," ಎಂದೆ.

"ನಿಂದು ತಗೀಪಾ ಬೇಕಾದ್ರ. ಅಳಿಯಂದು ತಗದ್ರ ಮಗಳಿಗಿ ಏನ ಹೇಳ್ಲಿ?"

ನಮ್ಮದನ್ನೇ ತೆಗೆದು ಬಂದೆ. ಸಾಹೇಬರು ಬೈದರು. ಆಂಟಿವೈರಸ್ಸಿನ ಪುಸ್ತಕಗಳಲ್ಲಿ ಅಳಿಯನ ಅಧ್ಯಾಯ ಇರುವುದಿಲ್ಲ. ಮನೆ ಕಂಪ್ಯೂಟರಿನ ಕೆಲಸಕ್ಕೆ ಬರುವವರು ಅದನ್ನು ತಾವೇ ಓದಿಕೊಳ್ಳಬೇಕು.

ಈಗ ಪೋರ್ಟಿನ ವಿಷಯ, ಅಂದರೆ ಕಂಪ್ಯೂಟರಿನೊಳಗೆ ಸುದ್ದಿ ಹೋಗಿ ಬರುವ, ನಂಬರು ಹಾಕಿದ ಬಾಗಿಲುಗಳ ವಿಷಯ. ಇದನ್ನು ಯಾಕೆ ಉದ್ದಕ್ಕೆ ಬರೆಯುತ್ತಿದ್ದೇನೆಂದರೆ, ನಿಮಗೂ ಈ ಪ್ರಶ್ನೆ ಬಂದೇ ಬರುತ್ತದೆ.

ಸಿಂದಗಿಯ ಪಾಟೀಲ ವಕೀಲರು ಕೋರ್ಟಿನಲ್ಲಿ ಎದುರಾಳಿ ಸಿಗದ ದಿನ ಮನೆಯಲ್ಲಿ ಕಂಪ್ಯೂಟರಿನ ಜೊತೆ ವಾದ ಮಾಡುವವರು. ಎಲ್ಲಿಯೋ ಓದಿ, ಕಪ್ಪು ಪರದೆಯಲ್ಲಿ ಒಂದು ಆಜ್ಞೆ ಹೊಡೆದಿದ್ದರು. ಯಾವ ಯಾವ ಪೋರ್ಟು ತೆರೆದಿದೆ, ಅಲ್ಲಿ ಯಾವ ಪ್ರೋಗ್ರಾಮು ಕಿವಿಗೊಟ್ಟು ಕೂತಿದೆ ಎಂದು ಅದು ಪಟ್ಟಿ ಕೊಟ್ಟಿತ್ತು. ಪಟ್ಟಿಯ ತುಂಬ ನಮ್ಮ ಆಂಟಿವೈರಸ್ಸಿನದೇ ಹೆಸರು. ಅದನ್ನು ಪ್ರಿಂಟು ತೆಗೆದು, ಕೆಂಪು ಗೆರೆ ಎಳೆದು, ನನ್ನನ್ನು ಕರೆಸಿದರು. ಮೊದಲು ಚಹಾ ಕೊಟ್ಟರು. ನಾನು ಲೋಟ ಕೆಳಗಿಟ್ಟ ಕೂಡಲೇ ಶುರುವಾಯಿತು.

"ಈ ಪೋರ್ಟ ಯಾರ ತಗದಿಟ್ಟಾರ್ರಿ?"

"ನಮ್ಮ ಆಂಟಿವೈರಸ್ಸ ತಗದೈತ್ರಿ."

"ಹಂಗಾರ, ನಾ ಕಾವಲಿಗಿ ಇಟ್ಟಾಂವನ ಬಾಗಲಾ ತಗದ ಕುಂತಾನ. ಹೌದೋ ಇಲ್ಲೋ?"

"ಅದು ಹಂಗಲ್ರಿ, ಅದರೊಳಗ..."

"ಒಳಗ ಹೊರಗ ಬ್ಯಾಡ್ರಿ. ಹೌದೋ ಇಲ್ಲೋ, ಅಷ್ಟ ಹೇಳ್ರಿ."

"ಹೌದ್ರಿ."

ವಕೀಲರು ಅಡುಗೆಮನೆಯ ಕಡೆ ತಿರುಗಿ, ಹೆಂಡತಿಗೆ ಕೇಳುವಂತೆ, "ಒಪ್ಪಿಕೊಂಡ್ರು ನೋಡು!" ಎಂದರು.

ನಿಜ ಹೇಳಬೇಕೆಂದರೆ ಆಗ ನನಗೂ ಉತ್ತರ ಗೊತ್ತಿರಲಿಲ್ಲ. ಸಾಹೇಬರಿಗೆ ಫೋನು ಹಚ್ಚಿದೆ. ಅಂದು ಅಪರೂಪಕ್ಕೆ ಎತ್ತಿದರು. "ಗಿರಾಕಿ ಬಂದ್ ಮಾಡು ಅಂದ್ರ ಬಂದ್ ಮಾಡೋ ಮಾರಾಯಾ. ನಿನಗ್ಯಾಕ ಪಂಚಾಯ್ತಿ?" ಎಂದರು. ಪಟ್ಟಿಯಲ್ಲಿದ್ದ ನಮ್ಮ ಭಾಗಗಳನ್ನು ಒಂದೊಂದಾಗಿ ನಿಲ್ಲಿಸಿದೆ. ಮುಗಿಯುತ್ತಿದ್ದಂತೆ ಪರದೆಯ ಮೂಲೆಯ ಹಸಿರು ಗುರುತು ಕೆಂಪಾಗಿ, 'ನೀವು ಅಪಾಯದಲ್ಲಿದ್ದೀರಿ' ಎಂದು ಕಂಪ್ಯೂಟರು ಕೂಗತೊಡಗಿತು.

ವಕೀಲರಿಗೆ ಆನಂದವೇ ಆನಂದ. "ಬಾಗಲಾ ತಗದಾಗ ಹಸರ ಇತ್ತು, ಬಂದ್ ಮಾಡಿದ ಕೂಡ್ಲೆ ಕೆಂಪ ಆತು. ಹೊಟ್ಟಿ ಉರಿಯಾಕತ್ತೈತಿ ನೋಡ್ರಿ ಅದಕ್ಕ!"

ಅವತ್ತಿನಿಂದ ಅವರ ಕಂಪ್ಯೂಟರಿನಲ್ಲಿ ಒಂದು ವೆಬ್‌ಸೈಟೂ ತೆರೆಯಲಿಲ್ಲ, ಒಂದು ಇ-ಮೇಲೂ ಬರಲಿಲ್ಲ. ಕೋರ್ಟಿನ ಚಹಾದಂಗಡಿಯಲ್ಲಿ ಅವರು, ಜಿಲ್ಲೆಯಲ್ಲೇ ಅತಿ ಸುರಕ್ಷಿತ ಕಂಪ್ಯೂಟರು ತಮ್ಮದು, ಕಳ್ಳರ ಮಾತಿರಲಿ ತಮಗೇ ಒಳಗೆ ಹೋಗಲು ಬರುವುದಿಲ್ಲ ಎಂದು ಹೇಳಿಕೊಂಡರಂತೆ. ಒಬ್ಬ ಕಕ್ಷಿದಾರ ಇ-ಮೇಲಿನಲ್ಲಿ ಕಳಿಸಿದ ಕಾಗದ ಮುಟ್ಟದೆ ಕೋರ್ಟಿನ ತಾರೀಖು ಹತ್ತಿರ ಬಂದಾಗ ಸ್ಟಿಕರಿನ ನಂಬರಿಗೆ ಫೋನು ಮಾಡಿದರು.

ಮಹಾದೇವಿ ಎಂದಿನಂತೆ ಮಳೆ ಕೇಳಿದಳು. ಮಳೆಯನ್ನು ಬದಿಗಿಟ್ಟು ವಕೀಲರು ಪೂರ್ತಿ ವಾದ ಮಂಡಿಸಿದರು. ನಾನು ಮನೆಗೆ ಬಂದಾಗ ಅವಳು ಪಡಸಾಲೆಯಲ್ಲಿ ಕಾಲು ಚಾಚಿ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. "ಹೌದ್ರಿ... ಹೌದ್ರಿ ವಕೀಲ ಸಾಹೇಬ್ರ... ಅದೆಲ್ಲಾ ನಂಗ ತಿಳಿಯಾಂಗಿಲ್ರಿ, ನೀವು ಹೇಳ್ರಿ, ನಾ ಕೇಳಾಕತ್ತೇನಿ." ಆಮೇಲೆ ಫೋನು ಕೆಳಗಿಟ್ಟು, "ನಾಳಿ ಮೊದಲನೇ ಬಸ್ಸಿಗಿ ಹೋಗ್ರಿ. ಪಾಪ, ಭಾಳ ಹೆದರ್ಯಾರ. ಅದಕ್ಕ ಅಷ್ಟ ಜೋರ ಮಾಡ್ತಾರ," ಎಂದಳು.

ವಕೀಲರು ಹೆದರಿದ್ದಾರೆ ಎಂಬುದು ನನಗೆ ಹೊಳೆದೇ ಇರಲಿಲ್ಲ.

ಆಂಟಿವೈರಸ್ ಕಂಪನಿಯವರು ಇಂಟರ್ನೆಟ್ಟಿನಲ್ಲಿ ಹಾಕಿದ್ದ ಸೂಚನೆಗಳನ್ನು ತೆಗೆದು ಓದಿದೆ. ಓದುತ್ತ ಅವಳ ಕೈಯನ್ನೇ ನೋಡುತ್ತಿದ್ದೆ. ಚೀಲದ ಜೋಳ ನೇರ ಗಿರಣಿಗೆ ಹೋಗುವುದಿಲ್ಲ, ನಡುವೆ ಮೊರಕ್ಕೆ ಬರುತ್ತದೆ. ಕಲ್ಲು, ಕಡ್ಡಿ ಆರಿಸಿದ ಮೇಲೆ ಮುಂದೆ. ಆಂಟಿವೈರಸ್ ಮಾಡುವುದೂ ಅದನ್ನೇ. ಹೊರಗಿನಿಂದ ಬರುವ ಪುಟ, ಬರುವ ಇ-ಮೇಲು ಬ್ರೌಸರಿಗೆ ಮುಟ್ಟುವ ಮೊದಲು ತನ್ನ ಕಡೆ ತಿರುಗಿಸಿಕೊಳ್ಳುತ್ತದೆ. ಹಾಗೆ ತೆಗೆದುಕೊಳ್ಳಲು ಒಂದು ನಂಬರಿನಲ್ಲಿ ಕೂತು ಕಾಯಬೇಕು. ಆ ನಂಬರೇ ಪೋರ್ಟು. ಅಲ್ಲಿ ಕೂತವರನ್ನು ನಾನು ಎಬ್ಬಿಸಿ ಕಳಿಸಿದ್ದೆ. ಜೋಳ ಮಾತ್ರ ಮೊರದ ಕಡೆಗೇ ಬರುತ್ತಿತ್ತು, ಹಿಡಿಯುವವರು ಇರಲಿಲ್ಲ. ಇನ್ನು, ಆಂಟಿವೈರಸ್ಸಿನಲ್ಲಿ ಹುಡುಕುವ ಭಾಗ ಬೇರೆ, ಪರದೆಯ ಮೇಲೆ ಸುದ್ದಿ ಹೇಳುವ ಭಾಗ ಬೇರೆ. ಅವೂ ಇಂಥ ಪೋರ್ಟುಗಳಲ್ಲೇ ಒಂದಕ್ಕೊಂದು ಮಾತಾಡಿಕೊಳ್ಳುತ್ತವೆ. ಆ ಮಾತು ನಿಂತದ್ದಕ್ಕೇ ಹಸಿರು ಗುರುತು ಕೆಂಪಾದದ್ದು.

ಮರುದಿನ ಹೋಗಿ ವಕೀಲರಿಗೆ ಪಟ್ಟಿಯಲ್ಲಿ ಅವರು ಗೆರೆ ಎಳೆಯದ, ಮೇಲಿನಿಂದ ಕೆಳಗೆ ಬರುವ ಒಂದು ಅಂಕಣವನ್ನು ತೋರಿಸಿದೆ. ಪ್ರತಿ ಪೋರ್ಟಿನ ಮುಂದೆ ಒಂದು ವಿಳಾಸ ಇರುತ್ತದೆ. ನೂರಾ ಇಪ್ಪತ್ತೇಳರಿಂದ ಶುರುವಾದರೆ ಅದು ಕಂಪ್ಯೂಟರು ತನ್ನೊಳಗೇ ಮಾತಾಡಿಕೊಳ್ಳುವ ವಿಳಾಸ. ಹೊರಗಿನವರು ನೇರವಾಗಿ ಅಲ್ಲಿಗೆ ಬರಲಾರರು.

"ಅಂದ್ರ ಅಡಗಿಮನಿಯಿಂದ ಪಡಸಾಲಿಗೆ ಬಾಗಲಾ," ಎಂದರು ವಕೀಲರು.

"ಹೌದ್ರಿ."

"ಓಣಿಗಲ್ಲ."

"ಅಲ್ರಿ."

"ಹಂಗಾರ ಬರೀ ಸೊನ್ನಿ ಸೊನ್ನಿ ಬರದದ್ದು ಇಲ್ಲೊಂದ ಐತೆಲ್ರಿ, ಇದು?"

ಅವರ ಬೆರಳು ಸರಿಯಾದ ಕಡೆಯೇ ಬಿದ್ದಿತ್ತು. ಬರೀ ಸೊನ್ನೆಗಳೆಂದರೆ ಎಲ್ಲ ಕಡೆಯಿಂದ ಬಂದವರಿಗೂ ಕಿವಿಗೊಡುವ ಪೋರ್ಟು. ಮನೆಯಲ್ಲಿ ನಾಲ್ಕಾರು ಕಂಪ್ಯೂಟರುಗಳಿದ್ದರೆ ಒಂದು ತಂದ ಹೊಸ ಅಪ್‌ಡೇಟನ್ನು ಉಳಿದವಕ್ಕೆ ಹಂಚಲು ಅದನ್ನು ಇಟ್ಟಿದ್ದರು. ವಕೀಲರ ಮನೆಯಲ್ಲಿದ್ದುದು ಒಂದೇ ಕಂಪ್ಯೂಟರು. ಕಂಪನಿಯವರು ಕೇಳದೆ ಎಲ್ಲರಿಗೂ ಅದನ್ನು ಚಾಲೂ ಮಾಡಿ ಕಳಿಸಿದ್ದರು. ಬೇಡದ್ದನ್ನು ಇಟ್ಟುಕೊಳ್ಳಬಾರದು, ಕಾವಲು ಕಾಯುವುದೂ ಒಂದು ಪ್ರೋಗ್ರಾಮೇ, ಅದರಲ್ಲೂ ತೂತು ಇರಬಹುದು. ಆ ಹಂಚಿಕೆಯನ್ನು ಬಂದ್ ಮಾಡಿ, ಉಳಿದವನ್ನು ಮತ್ತೆ ಚಾಲೂ ಮಾಡಿದೆ. ಕಕ್ಷಿದಾರನ ಕಾಗದ ಬಂತು.

"ಅಂದ್ರ ನನ್ನ ದಾವಾ ಭಾಗಶಃ ಡಿಕ್ರಿ ಆತು, ಅರ್ಧಾ ನಾ ಗೆದ್ದೆ," ಎಂದು ವಕೀಲರು ಇನ್ನೊಂದು ಚಹಾ ಹೇಳಿದರು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಗಿರಾಕಿಗಳಿಗೆ ಪೋರ್ಟಿನ ಭಯ ಇದೆ ಎಂಬುದು ಸಾಹೇಬರ ತಲೆಗೆ ಹೋಯಿತು. ಭಯ ಎಲ್ಲಿದೆಯೋ ಅಲ್ಲಿ ಯೋಜನೆ ಹುಟ್ಟುತ್ತದೆ. 'ಪೋರ್ಟ್ ಮುಕ್ತ ಮನೆ' ಎಂದು ಹೆಸರಿಟ್ಟರು. ಮನೆಗೆ ಹೋಗುವುದು, ಕಂಡ ಪೋರ್ಟನ್ನೆಲ್ಲ ಮುಚ್ಚುವುದು, ಬಂಗಾರದ ಅಂಚಿನ ಪ್ರಮಾಣಪತ್ರ ಕೊಟ್ಟು ಫೋಟೋ ತೆಗೆಸಿಕೊಳ್ಳುವುದು. ಮುಚ್ಚಬಾರದು, ವಕೀಲರ ಮನೆಯಲ್ಲಿ ಹೀಗೆ ಹೀಗೆ ಆಗಿದೆ ಎಂದು ನಾನು ಹೇಳಿದೆ. "ನೀ ಭಾಳ ಒಳಗ ಹೋಗ್ತಿ. ಗಿರಾಕಿ ಅಷ್ಟ ಒಳಗ ಬರೂದಿಲ್ಲ," ಎಂದರು. ಆ ಯೋಜನೆಗೆ ಬೇರೆಯವರನ್ನು ಕಳಿಸಿದರು.

ಮುದ್ದೇಬಿಹಾಳದ ನಿವೃತ್ತ ಅಧಿಕಾರಿಯೊಬ್ಬರು ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ದೇವರ ಫೋಟೋಗಳ ಸಾಲಿನಲ್ಲಿ ತೂಗುಹಾಕಿದ್ದರು. ಅದಕ್ಕೂ ದಿನಾ ಊದಿನಕಡ್ಡಿ ಬೆಳಗುತ್ತಿದ್ದರು. ಕೆಳಗೆ ಕಂಪ್ಯೂಟರು ಕೆಂಪಾಗಿ ಕೂಗುತ್ತಿತ್ತು. "ಇದು ಶಾಂತ ಯಾವಾಗ ಆಗ್ತೈತ್ರಿ?" ಎಂದು ಅವರು ಮಹಾದೇವಿಯನ್ನು ಕೇಳಿದರಂತೆ, ಯಾವುದೋ ಗ್ರಹದ ಬಗ್ಗೆ ಕೇಳುವ ಹಾಗೆ.

ಆ ದಿನಗಳಲ್ಲಿ ಅವಳ ಫೋನಿಗೆ ಪುರುಸೊತ್ತೇ ಇರಲಿಲ್ಲ. ಹೊರ್ತಿಯಿಂದ, ಕನ್ನೊಳ್ಳಿಯಿಂದ, ನಾನು ಹೆಸರು ಮರೆತ ಹಳ್ಳಿಗಳಿಂದ. ರೊಟ್ಟಿ ಬಡಿಯುತ್ತ ಮಾತಾಡುವಳು, ಹಂಚಿನ ಮೇಲಿನದು ಕರಿಯಾಗುವುದು. ಅದನ್ನು ನನ್ನ ತಾಟಿಗೆ ಹಾಕುತ್ತ ಒಂದು ದಿನ ಹೇಳಿದಳು: "ನಿಮ್ಮ ಸಾಹೇಬ್ರು ಊರ ಮಂದಿ ಕಂಪ್ಯೂಟರ್ ಕಿವಿ ಎಲ್ಲಾ ಮುಚ್ಚಿಸ್ಯಾರ. ನಂದೊಂದ ಉಳದೈತಿ."

ಯೋಜನೆಯನ್ನು ಮೆಚ್ಚಿ ಆಂಟಿವೈರಸ್ ಕಂಪನಿಯ ದೊಡ್ಡ ಕಚೇರಿಯವರು ಸಾಹೇಬರಿಗೆ ಇ-ಮೇಲು ಕಳಿಸಿದ್ದರು. ಸಾಹೇಬರ ಮನೆಯ ಕಂಪ್ಯೂಟರೇ ಮೊಟ್ಟಮೊದಲ ಪೋರ್ಟ್ ಮುಕ್ತ ಕಂಪ್ಯೂಟರು, ಇ-ಮೇಲು ತೆರೆಯಲಿಲ್ಲ. ಅವರೂ ಸ್ಟಿಕರು ನೋಡಿ ಸಹಾಯವಾಣಿಗೆ ಫೋನು ಮಾಡಿದರು. "ಮಳಿ ಆತೇನ್ರಿ ನಿಮ್ಮ ಕಡೆ?" ಎಂದು ಅವಳು ಅವರನ್ನೂ ಕೇಳಿದಳು. ಯೋಜನೆ ಸದ್ದಿಲ್ಲದೆ ನಿಂತಿತು. ಪ್ರಮಾಣಪತ್ರಗಳು ಇನ್ನೂ ಕೆಲವು ಗೋಡೆಗಳ ಮೇಲಿವೆ.

ಈಗ ಕೆಲಸದ ರೀತಿಯೇ ಬೇರೆ. ಗಿರಾಕಿ ಒಂದು ನಂಬರಿಗೆ ಫೋನು ಮಾಡುತ್ತಾನೆ. ಕನ್ನಡಕ್ಕಾಗಿ ಒಂದು ಒತ್ತಿ ಎನ್ನುತ್ತದೆ. ಒತ್ತಿದರೆ, ನಿಮ್ಮ ಕರೆ ನಮಗೆ ಬಹಳ ಅಮೂಲ್ಯ ಎನ್ನುತ್ತದೆ, ಎಷ್ಟು ಅಮೂಲ್ಯವೆಂದರೆ ಅದನ್ನು ಯಾರ ಕೈಗೂ ಕೊಡುವುದಿಲ್ಲ. ಅದೃಷ್ಟವಿದ್ದರೆ ಎಲ್ಲಿಂದಲೋ ಒಬ್ಬರು ನಿಮ್ಮ ಪರದೆಯ ಮೇಲೆ ಮೌಸಿನ ಬಾಣ ಓಡಿಸಿ ಸರಿಮಾಡಿ ಹೋಗುತ್ತಾರೆ. ನಾನು ಇಡೀ ದಿನ ಬಸ್ಸಿನಲ್ಲಿ ಕಳೆದು ಮಾಡುತ್ತಿದ್ದುದನ್ನು ಅವರು ಕೂತಲ್ಲೇ ಮುಗಿಸುತ್ತಾರೆ, ಅದು ಒಳ್ಳೆಯದೇ. ಮಳೆ ಮಾತ್ರ ಕೇಳುವುದಿಲ್ಲ. ಸಿಡಿಲಿಗೆ ಸುಟ್ಟ ಮೋಡೆಮ್ಮಿಗೆ ಅವರ ಬಾಣ ಮುಟ್ಟುವುದೂ ಇಲ್ಲ. ಹಾಗಾಗಿ ಜನ ಡಬ್ಬಿಯ ಮೇಲಿನ ಹಳೆಯ ಸ್ಟಿಕರು ಹುಡುಕುತ್ತಾರೆ. ಗೋಡೆಯ ಮಾಡದಲ್ಲಿನ ಫೋನು ರಿಂಗಾಗುವುದು ಹೀಗೆಯೇ.

ಇಷ್ಟು ಬರೆದು ಪೆನ್ನು ಕೆಳಗಿಡುವಾಗ ಅದು ಮತ್ತೆ ರಿಂಗಾಯಿತು; ಮುಂದಿನದನ್ನು ರವಿವಾರ ಕಳೆದ ಮೇಲೆ ಬರೆದಿದ್ದೇನೆ. ನಾನು ಎದ್ದು ಹೋಗಿ ಎತ್ತಿದೆ. ಯಾಕೆ ಎತ್ತಿದೆನೆಂದು ಹೇಳಲಾರೆ. ಅವಳು ಹೋದ ಮೇಲೆ ಮೊದಲ ಸಲ.

"ಏನ್ರಿ ಅಕ್ಕಾರ, ಎಷ್ಟ ದಿನಾ ಆತು, ಫೋನ ಎತ್ತವಲ್ರಿ? ನೋಟಿಸ್ ಕಳಸ್ಲೇನು?"

ಪಾಟೀಲ ವಕೀಲರು. ನಾನು ಹೆಸರು ಹೇಳಿದೆ.

"ನೀವೇನ್ರಿ? ಅಕ್ಕಾರಿಗಿ ಕೊಡ್ರಿ. ನಿಮಗ ಹೇಳಿದ್ರ ತಿಳಿಯಾಂಗಿಲ್ಲ."

"ಅಕಿ ಹೋದಳ್ರಿ ವಕೀಲ ಸಾಹೇಬ್ರ."

"ಎಲ್ಲಿಗಿ? ಬಾಗೇವಾಡಿಗೆ ಮಗಳ ಕಡೆಗೇನು?"

"ಅಲ್ರಿ," ಎಂದೆ. ಅವರಿಗೆ ತಿಳಿಯಿತು.

"ಯಾವಾಗ್ರಿ?"

"ಶ್ರಾವಣದಾಗ್ರಿ."

"ನಮಗ ಒಂದ ಮಾತ ಹೇಳಬಾರದೇನ್ರಿ?" ಎಂದರು. ಆಮೇಲೆ, "ರವಿವಾರ ಮಾತಾಡ್ಸಾಕ ಬರ್ತೇವಿ. ಮನ್ಯಾಗಿರ್ರಿ," ಎಂದು ಇಟ್ಟರು. ತಮ್ಮ ಕಂಪ್ಯೂಟರಿಗೆ ಏನಾಗಿದೆ ಎಂದು ಹೇಳಲೇ ಇಲ್ಲ.

ನಮ್ಮ ಕಡೆ ಸಾವಿನ ಮನೆಗೆ ಮಾತಾಡಿಸಲು ಬಂದವರು ಹೆಚ್ಚು ಮಾತಾಡುವುದಿಲ್ಲ. ಬಂದು ಕೂರುತ್ತಾರೆ. ವಕೀಲರೂ ಅವರ ಹೆಂಡತಿಯೂ ರವಿವಾರ ಬೆಳಿಗ್ಗೆಯೇ ಬಂದು ಪಡಸಾಲೆಯ ಕಂಬಳಿಯ ಮೇಲೆ ಹಾಗೆಯೇ ಕೂತರು. ಶಶಿಕಲಾ ಅಷ್ಟರಲ್ಲಿ ಬಂದಿದ್ದಳು. ನಂಬರು ಬಂದ್ ಮಾಡಿಸಲು ಬೇಕೆಂದು ಅವ್ವನ ಆಧಾರ್ ಕಾರ್ಡಿನ ಝೆರಾಕ್ಸನ್ನು ಕೈಯಲ್ಲೇ ಹಿಡಿದಿದ್ದಳು.

ವಕೀಲರು ಗೋಡೆಯ ಮಾಡದ ಕಡೆ ನೋಡುತ್ತ, "ನಾ ಅಕ್ಕಾರಿಗಿ ಎಷ್ಟ ಸಲ ಜೋರ ಮಾತಾಡೇನಿ," ಎಂದರು. "ಒಮ್ಮೆನೂ ಫೋನ ಇಡಲಿಲ್ಲ ನೋಡ್ರಿ. ನಾನ ಇಡೂತನಕ ಇರ್ತಿದ್ರು."

ಆಗಲೇ ಅಲ್ಲಿದ್ದ ಫೋನು ರಿಂಗಾಯಿತು. ಶಶಿಕಲಾ ಮೊದಲು ನನ್ನ ಮುಖ ನೋಡಿದಳು, ಆಮೇಲೆ ಕೈಯಲ್ಲಿನ ಝೆರಾಕ್ಸ್ ನೋಡಿದಳು. ಅದನ್ನು ಮಡಚಿ ಚೀಲದಲ್ಲಿಟ್ಟು, ಎದ್ದು ಹೋಗಿ ಫೋನು ತಂದು ನನ್ನ ಕೈಗೆ ಕೊಟ್ಟಳು.

ಆ ಕಡೆಯವರು ಯಾರೋ ಕನ್ನೊಳ್ಳಿಯ ಹೆಣ್ಣುಮಗಳು. "ಅಕ್ಕಾರ, ನಮ್ಮ ನೆಟ್ ನಿಂತೈತ್ರಿ," ಎಂದು ಒಂದೇ ಉಸಿರಿಗೆ ಶುರು ಮಾಡಿದಳು. ಅಕ್ಕಾರು ಇಲ್ಲ ಎಂಬುದನ್ನು ಅವಳಿಗೆ ಹೇಳಬೇಕಿತ್ತು. ಹೇಳುವವನಿದ್ದೆ. ಅದಕ್ಕೂ ಮೊದಲು ಕೇಳುವುದೊಂದಿತ್ತು.

"ಮಳಿ ಆತೇನ್ರಿ ನಿಮ್ಮ ಕಡೆ?"